ಮರಳುವ ಶಾಸ್ತ್ರವಿಲ್ಲದ ಶಾಲೆ: ಬೆಂಗಳೂರಿನ ಬಡ ವಸತಿಗಳ ಎಳೆಯ ತಾಯಂದಿರು ಮತ್ತು ಶಿಕ್ಷಣದ ಚರಿತ್ರೆ

1. ಪೀಠಿಕೆ

ಕರ್ನಾಟಕದ ಜನಪದ ಸಂಪ್ರದಾಯದಲ್ಲಿ ಬಾಣಂತನಕ್ಕೆ ಆರಂಭವಿರುವಂತೆ ಮುಕ್ತಾಯವೂ ಇದೆ. ಹೆರಿಗೆಯಾದ ಹೆಣ್ಣು ಕೆಲವು ಕಾಲ ಕೋಣೆಯೊಳಗೆ ಬೆಚ್ಚಗಿದ್ದು, ಪುರುಡು ಕಳೆದು, ಮಗುವಿಗೆ ತೊಟ್ಟಿಲು ಶಾಸ್ತ್ರವಾದ ಮೇಲೆ ಒಂದು ದಿನ ಅರಿಸಿನ ಕುಂಕುಮದೊಡನೆ ಬಾವಿಯ ಬಳಿಗೆ ಹೋಗುತ್ತಾಳೆ. ಅಲ್ಲಿ ಗಂಗೆಯನ್ನು ಪೂಜಿಸಿ, ತುಂಬಿದ ಬಿಂದಿಗೆಯನ್ನು ಹೊತ್ತು ಮನೆಗೆ ಬರುತ್ತಾಳೆ. ಗಂಗೆ ಪೂಜೆ, ಬಾವಿ ಪೂಜೆ ಎಂಬ ಹೆಸರುಗಳಿಂದ ಕರೆಯುವ ಈ ಆಚರಣೆ ಆದ ದಿನದಿಂದ ಆಕೆ ಬಾಣಂತಿಯಲ್ಲ; ಮತ್ತೆ ಮನೆಯ ದುಡಿಮೆಗೆ ಸೇರಿದವಳು. ಫ್ರೆಂಚ್ ವಿದ್ವಾಂಸ ಆರ್ನಾಲ್ಡ್ ವಾನ್ ಗೆನೆಪ್ 1909ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಜೀವನಾವರ್ತನದ ಆಚರಣೆಗಳನ್ನು ಅಗಲಿಕೆ, ನಡುವಿನ ಸ್ಥಿತಿ, ಮರುಸೇರ್ಪಡೆ ಎಂಬ ಮೂರು ಹಂತಗಳಲ್ಲಿ ವಿವರಿಸಿದನು. ಗಂಗೆ ಪೂಜೆಯು ಮೂರನೆಯ ಹಂತಕ್ಕೆ ಒಳ್ಳೆಯ ನಿದರ್ಶನವಾಗಿದೆ.

ಶಾಲೆಯೂ ಒಂದು ಸಾಮಾಜಿಕ ಸಂಸ್ಥೆಯೇ. ಅದಕ್ಕೂ ಸೇರಿಸಿಕೊಳ್ಳುವ ಮತ್ತು ಕಳುಹಿಸಿಕೊಡುವ ವಿಧಿಗಳಿವೆ. ದಾಖಲಾತಿಯಿಂದ ಮೊದಲಾಗಿ ವರ್ಗಾವಣೆ ಪ್ರಮಾಣಪತ್ರದವರೆಗೆ ಎಲ್ಲಕ್ಕೂ ನಿಯಮಗಳುಂಟು. ಆದರೆ ಹದಿನೈದು ಹದಿನಾರನೆಯ ವಯಸ್ಸಿನಲ್ಲಿ ತಾಯಿಯಾದ ಹುಡುಗಿಯೊಬ್ಬಳು ತರಗತಿಗೆ ಹಿಂದಿರುಗುವುದಕ್ಕೆ ಅಲ್ಲಿ ನೆಲೆಗೊಂಡ ಯಾವ ವಿಧಿಯೂ ಇಲ್ಲ. ಮನೆ ಆಕೆಯನ್ನು ದುಡಿಮೆಗೆ ಮರಳಿ ಪಡೆಯುತ್ತದೆ, ಶಾಲೆ ಪಡೆಯುವುದಿಲ್ಲ. ಈ ಕೊರತೆಯನ್ನು ಬಡತನದ ಅಥವಾ ಅಜ್ಞಾನದ ಫಲವೆಂದು ಮಾತ್ರ ವಿವರಿಸುವುದು ವಾಡಿಕೆ. ಆದರೆ ಇದಕ್ಕೊಂದು ಚರಿತ್ರೆಯಿದೆ. ಹೆಣ್ಣುಮಕ್ಕಳ ಶಿಕ್ಷಣವು ಹಳೆಯ ಮೈಸೂರಿನಲ್ಲಿ ರೂಪುಗೊಂಡ ಬಗೆ, ವಿವಾಹದ ವಯಸ್ಸನ್ನು ಕುರಿತ ಕಾನೂನುಗಳು ಬೆಳೆದ ಬಗೆ, ಬೆಂಗಳೂರಿನ ಬಡವರ ವಸತಿಗಳು ನೆಲೆಗೊಂಡ ಬಗೆ - ಈ ಮೂರನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಆ ಚರಿತ್ರೆ ಸ್ಪಷ್ಟವಾಗುತ್ತದೆ. ಅಂತಹ ಅವಲೋಕನವೇ ಪ್ರಸ್ತುತ ಲೇಖನದ ಉದ್ದೇಶ.

2. ವಿವಾಹಿತ ಬಾಲೆಯರ ಶಾಲೆ

ಬೆಂಗಳೂರಿನಲ್ಲಿ ಹೆಣ್ಣುಮಕ್ಕಳಿಗೆ ಕನ್ನಡ ಶಾಲೆಗಳನ್ನು ತೆರೆಯುವ ಪ್ರಯತ್ನ 1840ರ ದಶಕದಲ್ಲಿ ಲಂಡನ್ ಮಿಷನ್ನಿನವರಿಂದ ಆರಂಭವಾಯಿತು. ಆದರೆ ಸಂಸ್ಥಾನದ ಮಟ್ಟದಲ್ಲಿ ಸ್ತ್ರೀಶಿಕ್ಷಣಕ್ಕೆ ಪ್ರತಿಷ್ಠೆ ತಂದುಕೊಟ್ಟದ್ದು 1881ರಲ್ಲಿ ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಆಸಕ್ತಿಯಿಂದ, ಅರಮನೆಯ ಆಶ್ರಯದಲ್ಲಿ ಸ್ಥಾಪನೆಯಾದ ಮಹಾರಾಣಿ ಬಾಲಿಕಾ ಪಾಠಶಾಲೆ. ಮೇಲುಜಾತಿಗಳ ಕುಟುಂಬಗಳ ವಿಶ್ವಾಸವನ್ನು ಗಳಿಸುವುದು ಈ ಶಾಲೆಯ ಮೊದಲ ಚಿಂತೆಯಾಗಿತ್ತು. ಕನ್ನಡ, ಸಂಸ್ಕೃತಗಳ ಜೊತೆಗೆ ದೇಶೀಯ ಸಂಗೀತಕ್ಕೂ ಅಲ್ಲಿ ಸ್ಥಾನ ದೊರೆತುದರ ಹಿನ್ನೆಲೆ ಇದೇ. ಮನೆಯಲ್ಲಿ ಮಾನ್ಯವಾದುದನ್ನು ಶಾಲೆಯೂ ಮಾನ್ಯ ಮಾಡಿದರೆ ಮನೆಯವರು ಹುಡುಗಿಯನ್ನು ಕಳುಹಿಸಿಯಾರು ಎಂಬ ತಿಳಿವಳಿಕೆ ಅದರ ಹಿಂದಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅಂದಿನ ಬಾಲಿಕಾ ಪಾಠಶಾಲೆಗಳಲ್ಲಿ ವಿವಾಹಿತೆಯರ ಹಾಜರಿ ವಿಶೇಷವೇನೂ ಆಗಿರಲಿಲ್ಲ. ಎಂಟು ಹತ್ತು ವಯಸ್ಸಿಗೇ ಮದುವೆಯಾಗುತ್ತಿದ್ದ ಸಮುದಾಯಗಳಲ್ಲಿ ಅವಿವಾಹಿತೆಯರಿಗೆ ಮಾತ್ರ ಶಾಲೆ ಎಂದಿದ್ದರೆ ಮೇಲಿನ ತರಗತಿಗಳು ಬರಿದಾಗುತ್ತಿದ್ದವು. ಮದುವೆಗೂ ಗಂಡನ ಮನೆ ಸೇರುವುದಕ್ಕೂ ನಡುವೆ ಕೆಲವು ವರ್ಷಗಳ ಅಂತರವಿರುತ್ತಿತ್ತು. ಹುಡುಗಿ ಮೈನೆರೆದು ಪ್ರಸ್ತವಾಗುವವರೆಗೆ ತವರಿನಲ್ಲೇ ಉಳಿಯುತ್ತಿದ್ದಳು. ಶಾಲೆಗೆ ದೊರೆತದ್ದು ಈ ಅಂತರದ ಕಾಲವೇ. ಹೀಗಾಗಿ ತಾಳಿ ಕಟ್ಟಿದ ಕೊರಳು ಶಾಲೆಯಲ್ಲಿ ಅಚ್ಚರಿಯ ವಸ್ತುವಾಗಿರಲಿಲ್ಲ. ಆದರೆ ಮೈನೆರೆಯುವಿಕೆಯೊಡನೆ ಶಾಲೆಯ ಸಂಬಂಧ ಮುಗಿಯುತ್ತಿತ್ತು. ಶಾಲೆಗೂ ಮದುವೆಗೂ ಹೊಂದಾಣಿಕೆ ಸಾಧ್ಯವಾಗಿತ್ತು. ಶಾಲೆಗೂ ತಾಯ್ತನಕ್ಕೂ ಆಗಿರಲಿಲ್ಲ. ಮುಂದಿನ ನೂರಕ್ಕೂ ಹೆಚ್ಚು ವರ್ಷಗಳಲ್ಲಿ ಮದುವೆಯ ವಯಸ್ಸು ಬದಲಾಯಿತು, ಶಾಲೆಯ ಸ್ವರೂಪ ಬದಲಾಯಿತು. ಈ ಎರಡನೆಯ ವಿಂಗಡಣೆ ಮಾತ್ರ ಬದಲಾಗದೆ ಉಳಿದು ಬಂದಿತು.

3. ವಿಧವೆಗೆ ತೆರೆದ ಬಾಗಿಲು

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಲಿಕೆಯಿಂದ ದೂರವಾದ ಹೆಣ್ಣನ್ನು ಮರಳಿ ಕಲಿಕೆಗೆ ತರುವ ಸಂಸ್ಥೆಗಳು ಹುಟ್ಟಿಕೊಂಡವು. ಪಶ್ಚಿಮಘಟ್ಟದ ಗಂಗಾಮೂಲದಲ್ಲಿ ಜನಿಸಿದ ಪಂಡಿತಾ ರಮಾಬಾಯಿ 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನವನ್ನು ತೆರೆದರು. ಧೋಂಡೋ ಕೇಶವ ಕರ್ವೆಯವರು 1896ರಲ್ಲಿ ಪುಣೆಯಲ್ಲಿ ವಿಧವೆಯರ ಆಶ್ರಮವನ್ನು ಸ್ಥಾಪಿಸಿದರು. ಮೈಸೂರು ಸಂಸ್ಥಾನದಲ್ಲಿ ಇದೇ ಮನೋಧರ್ಮ ಬರಹ ಮತ್ತು ಸಮಾಜಗಳ ರೂಪದಲ್ಲಿ ವ್ಯಕ್ತವಾಯಿತು. ಹದಿನಾಲ್ಕನೆಯ ವಯಸ್ಸಿಗೆ ವಿಧವೆಯಾದ ನಂಜನಗೂಡು ತಿರುಮಲಾಂಬಾ (1887-1982) ತಂದೆಯ ಆಸರೆಯಲ್ಲಿ ಮನೆಯಲ್ಲೇ ಓದಿ, 1913ರಲ್ಲಿ ಸತೀಹಿತೈಷಿಣೀ ಗ್ರಂಥಮಾಲೆಯನ್ನು ಆರಂಭಿಸಿ, ಲೇಖಕಿಯಾಗಿಯೂ ಪ್ರಕಾಶಕಿಯಾಗಿಯೂ ಹೆಸರಾದರು. ಬಾಲವಿಧವೆಯೇ ಆಗಿದ್ದ ಆರ್. ಕಲ್ಯಾಣಮ್ಮ ಬೆಂಗಳೂರಿನಲ್ಲಿ ಸ್ತ್ರೀಸಮಾಜವನ್ನು ಕಟ್ಟಿದರು, ಸರಸ್ವತಿ ಮಾಸಪತ್ರಿಕೆಯನ್ನು ದೀರ್ಘಕಾಲ ನಡೆಸಿದರು, 1938ರಲ್ಲಿ ಮಕ್ಕಳ ಕೂಟವನ್ನು ಸ್ಥಾಪಿಸಿದರು.

ಈ ಸಾಧನೆಗಳ ಹಿರಿಮೆಯನ್ನು ಒಪ್ಪಿಕೊಂಡೇ ಒಂದು ಮಾತನ್ನು ಹೇಳಬೇಕಾಗಿದೆ. ಎರಡನೆಯ ಬಾರಿಗೆ ತೆರೆದ ಈ ಬಾಗಿಲು ಬಹುಮಟ್ಟಿಗೆ ಬಾಲವಿಧವೆಗೆ, ಅದರಲ್ಲೂ ಮಗುವಿಲ್ಲದ ಬಾಲವಿಧವೆಗೆ ತೆರೆದದ್ದು. ಸಂಸಾರದಿಂದ ಹೊರಗುಳಿದ ಹೆಣ್ಣಿಗೆ ವಿದ್ಯೆ ಒಂದು ಆಧಾರವಾಗಲಿ ಎಂಬ ಕರುಣೆ ಅದರ ಮೂಲದಲ್ಲಿತ್ತು. ಸಂಸಾರದೊಳಗಿದ್ದು ಮಗುವನ್ನು ಎತ್ತಿಕೊಂಡಿರುವ ಹದಿನೈದರ ಹುಡುಗಿಗೆ ಆಧಾರ ಈಗಾಗಲೇ ಇದೆಯೆಂದು ಭಾವಿಸಲಾಯಿತು. ಆನಂದಿಬಾಯಿ ಜೋಶಿಯವರ (1865-1887) ಜೀವನ ಈ ವಿಂಗಡಣೆಯನ್ನು ನೋವಿನಿಂದ ನೆನಪಿಸುತ್ತದೆ. ಒಂಬತ್ತಕ್ಕೆ ಮದುವೆಯಾಗಿ ಹದಿನಾಲ್ಕಕ್ಕೆ ತಾಯಿಯಾದ ಆಕೆ 1886ರಲ್ಲಿ ಅಮೆರಿಕದಲ್ಲಿ ವೈದ್ಯಕೀಯ ಪದವಿ ಪಡೆದರು. ಆಕೆಯ ಕೂಸು ಹುಟ್ಟಿದ ಹತ್ತೇ ದಿನಗಳಲ್ಲಿ ತೀರಿಕೊಂಡಿತ್ತು. ವೈದ್ಯಕೀಯ ನೆರವಿಲ್ಲದೆ ಸತ್ತ ಆ ಕೂಸಿನ ದುಃಖವೇ ಆಕೆಯನ್ನು ವೈದ್ಯವಿದ್ಯೆಯ ಕಡೆಗೆ ಒಯ್ದಿತು. ಕೂಸು ಬದುಕಿದ್ದರೆ ಆ ಪಯಣ ಸಾಧ್ಯವಾಗುತ್ತಿತ್ತೇ ಎಂಬ ಪ್ರಶ್ನೆಯನ್ನು ಚರಿತ್ರೆ ಕೇಳಿಕೊಂಡಿಲ್ಲ.

4. ಏರುತ್ತ ಬಂದ ವಯಸ್ಸು, ಮರೆಯಾದ ಹುಡುಗಿ

ಮೈಸೂರು ಸರ್ಕಾರ 1894ರಲ್ಲಿ ಬಾಲ್ಯವಿವಾಹ ಪ್ರತಿಬಂಧಕ ಶಾಸನವನ್ನು ಜಾರಿಗೆ ತಂದಿತು. ಎಂಟು ವರ್ಷ ತುಂಬದ ಹುಡುಗಿಯರ ವಿವಾಹವನ್ನೂ, ಹದಿನಾಲ್ಕು ತುಂಬದವರನ್ನು ಐವತ್ತು ಮೀರಿದ ಗಂಡಸರಿಗೆ ಕೊಡುವುದನ್ನೂ ಅದು ನಿಷೇಧಿಸಿತು. ಇಂದು ಅತ್ಯಲ್ಪವೆನಿಸುವ ಈ ಮಿತಿಗೂ ಅಂದು ತೀವ್ರ ವಿರೋಧ ವ್ಯಕ್ತವಾಗಿತ್ತು. ಬ್ರಿಟಿಷ್ ಭಾರತದಲ್ಲಿ 1929ರ ಶಾರದಾ ಕಾಯಿದೆಯು ಹುಡುಗಿಯರ ಕನಿಷ್ಠ ವಿವಾಹ ವಯಸ್ಸನ್ನು ಹದಿನಾಲ್ಕಕ್ಕೆ ನಿಗದಿಪಡಿಸಿತು. ಸ್ವಾತಂತ್ರ್ಯಾನಂತರ 1949ರಲ್ಲಿ ಅದು ಹದಿನೈದಕ್ಕೂ 1978ರಲ್ಲಿ ಹದಿನೆಂಟಕ್ಕೂ ಏರಿತು. ಬಾಲ್ಯವಿವಾಹ ನಿಷೇಧ ಕಾಯಿದೆ 2006ರಲ್ಲಿ ಬಂದಿತು. ನ್ಯಾಯಮೂರ್ತಿ ಶಿವರಾಜ ಪಾಟೀಲರ ಅಧ್ಯಕ್ಷತೆಯ ಸಮಿತಿ 2011ರಲ್ಲಿ ಕರ್ನಾಟಕ ಸರ್ಕಾರಕ್ಕೆ ವರದಿ ಸಲ್ಲಿಸಿತು. ಕೇಂದ್ರದ ಕಾಯಿದೆಯಂತೆ ಬಾಲ್ಯವಿವಾಹವು ಹುಡುಗಿ ಕೋರಿದರೆ ಮಾತ್ರ ರದ್ದಾಗುವಂಥದು. ಕರ್ನಾಟಕವು ತನ್ನ ತಿದ್ದುಪಡಿಯ ಮೂಲಕ ಅದನ್ನು ಆರಂಭದಿಂದಲೇ ಅಸಿಂಧುವೆಂದು ಸಾರಿತು. ಸರ್ವೋಚ್ಚ ನ್ಯಾಯಾಲಯವು 2017ರ ಅಕ್ಟೋಬರಿನ ತನ್ನ ತೀರ್ಪೊಂದರಲ್ಲಿ ಈ ಕ್ರಮವನ್ನು ಮೆಚ್ಚಿಕೊಂಡಿತು. ಈ ನಡುವೆ 2012ರ ಪೋಕ್ಸೊ ಕಾಯಿದೆಯು ಹದಿನೆಂಟರೊಳಗಿನವರೊಡನೆ ನಡೆಯುವ ಎಲ್ಲ ಲೈಂಗಿಕ ಸಂಪರ್ಕವನ್ನೂ ಅಪರಾಧವೆಂದು ಪರಿಗಣಿಸಿ, ಅದನ್ನು ತಿಳಿದವರು ವರದಿ ಮಾಡುವುದನ್ನು ಕಡ್ಡಾಯಗೊಳಿಸಿತು.

ಈ ಕಾನೂನುಗಳು ಫಲ ನೀಡಿಲ್ಲವೆನ್ನಲಾಗದು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಗಳ ಪ್ರಕಾರ 20ರಿಂದ 24 ವಯಸ್ಸಿನ ಮಹಿಳೆಯರಲ್ಲಿ ಹದಿನೆಂಟಕ್ಕೆ ಮುನ್ನ ಮದುವೆಯಾದವರ ಪ್ರಮಾಣ ದೇಶದಲ್ಲಿ 2005-06ರಲ್ಲಿ ಶೇಕಡ 47.4 ಇದ್ದುದು 2015-16ರಲ್ಲಿ 26.8ಕ್ಕೂ 2019-21ರಲ್ಲಿ 23.3ಕ್ಕೂ ಇಳಿಯಿತು. ಕೊನೆಯ ಈ ಸಮೀಕ್ಷೆಯಲ್ಲಿ ಕರ್ನಾಟಕದ ಪ್ರಮಾಣ ಶೇಕಡ 21.3. ಸಮೀಕ್ಷೆಯ ಕಾಲಕ್ಕೆ ತಾಯಿಯಾಗಿದ್ದ ಅಥವಾ ಗರ್ಭಿಣಿಯಾಗಿದ್ದ 15ರಿಂದ 19ರ ಹುಡುಗಿಯರ ಪ್ರಮಾಣ ದೇಶದಲ್ಲಿ ಶೇಕಡ 7.9ರಿಂದ 6.8ಕ್ಕೆ ಬಂದಿತು. ಇಳಿಕೆ ಸಮಾಧಾನಕರವೇ. ಆದರೂ ಐವರಲ್ಲಿ ಒಬ್ಬಳಂತೆ ಉಳಿದಿರುವ ಹುಡುಗಿಯರ ಸ್ಥಿತಿಯೇನು ಎಂಬುದು ಬೇರೆಯೇ ಪ್ರಶ್ನೆ.

ನಿಷೇಧದ ಕಾನೂನು ಅಂತಹ ಹುಡುಗಿ ಇರಲೇಬಾರದೆಂದು ಹೇಳುತ್ತದೆ. ಇರಬಾರದವಳಿಗಾಗಿ ಶಾಲೆಯು ನಿಯಮವನ್ನು ರೂಪಿಸಲಿಲ್ಲ. 1881ರ ಶಾಲೆ ವಿವಾಹಿತ ಬಾಲೆಯನ್ನು ತನ್ನ ಲೆಕ್ಕದಲ್ಲಿ ಇಟ್ಟುಕೊಂಡಿತ್ತು; ಇಂದಿನ ಶಾಲೆಗೆ ಆಕೆ ಲೆಕ್ಕದ ಹೊರಗಿನವಳು. ಇದಕ್ಕಿಂತ ಗಂಭೀರವಾದ ಇನ್ನೊಂದು ತೊಡಕೂ ಇದೆ. 2015ರ ಬಾಲನ್ಯಾಯ ಕಾಯಿದೆಯ 94ನೆಯ ಕಲಮಿನಂತೆ ವಯಸ್ಸನ್ನು ನಿರ್ಧರಿಸುವಾಗ ಮೊದಲು ಪರಿಶೀಲಿಸಬೇಕಾದುದು ಶಾಲೆಯ ಜನ್ಮದಿನಾಂಕ ಪ್ರಮಾಣಪತ್ರ ಅಥವಾ ಮೆಟ್ರಿಕ್ ಪ್ರಮಾಣಪತ್ರವನ್ನು. ಹಾಗಾಗಿ ಶಾಲೆಯ ದಾಖಲಾತಿ ಪುಸ್ತಕವೇ ಆ ಮದುವೆಯ ವಿರುದ್ಧ ಪ್ರಬಲ ಸಾಕ್ಷಿ. ಹುಡುಗಿ ಮರಳಿ ಶಾಲೆಗೆ ಹೋಗುವುದೆಂದರೆ ಆಕೆಯ ನಿಜವಾದ ವಯಸ್ಸು, ಆಕೆಯ ಮಗು ಮತ್ತು ಆಕೆಯ ಹೆಸರು ಒಂದೇ ಕಡೆ ಸೇರುವುದು ಎಂದರ್ಥ. ಗಂಡನೂ ತಂದೆಯೂ ಆರೋಪಿಗಳಾಗಬಹುದಾದ ಸನ್ನಿವೇಶದಲ್ಲಿ ಕುಟುಂಬವು ಶಾಲೆಯ ಕಾಗದಪತ್ರಗಳಿಂದ ದೂರವಿರಲು ಯತ್ನಿಸುವುದು ಸಹಜ. ರಕ್ಷಣೆಗಾಗಿ ರಚಿತವಾದ ಕಾನೂನು ರಕ್ಷಿಸಬೇಕಾದ ಹುಡುಗಿಯನ್ನೇ ಶಾಲೆಯಿಂದ ಅಡಗಿಸಿಡುವ ಈ ವೈರುಧ್ಯದ ಅರ್ಥ ಕಾನೂನು ಬೇಡವೆಂದಲ್ಲ. ಅದರ ಜೊತೆಗೆ ಇರಬೇಕಾದ ಇನ್ನೊಂದು ವ್ಯವಸ್ಥೆ ಇಲ್ಲವೆಂದು.

5. ವಸತಿಯ ಚರಿತ್ರೆ

ಬೆಂಗಳೂರಿನ ಬಡವರ ವಸತಿಗಳು ಒಂದೇ ಕಾಲಕ್ಕೆ ಹುಟ್ಟಿದವಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಗಿರಣಿಗಳ ಸುತ್ತ ಕಾರ್ಮಿಕರ ಕೇರಿಗಳು ಬೆಳೆದವು. 1898ರ ಪ್ಲೇಗಿನ ನಂತರ ಅನುಕೂಲಸ್ಥರಿಗೆ ಬಸವನಗುಡಿ, ಮಲ್ಲೇಶ್ವರದಂತಹ ಬಡಾವಣೆಗಳು ವಿಸ್ತಾರವಾಗಿ ರೂಪುಗೊಂಡವು. ಬಡವರಿಗೆ ಉಳಿದದ್ದು ಕೆರೆಯಂಗಳ, ರಾಜಕಾಲುವೆಯ ದಂಡೆ, ರೈಲುಹಳಿಯ ಪಕ್ಕ. ಸ್ವಾತಂತ್ರ್ಯಾನಂತರ ತಮಿಳುನಾಡು, ಆಂಧ್ರಗಳಿಂದಲೂ, ಆಮೇಲೆ ರಾಯಚೂರು, ಕಲಬುರಗಿ ಮೊದಲಾದ ಜಿಲ್ಲೆಗಳಿಂದಲೂ ಬಂದ ಕಟ್ಟಡ ಕೆಲಸಗಾರರು ಇವುಗಳಿಗೆ ಸೇರ್ಪಡೆಯಾದರು. ಕರ್ನಾಟಕದ ಕೊಳಚೆ ಪ್ರದೇಶಗಳ ಕಾಯಿದೆ 1973ರಲ್ಲಿ ಬಂದಿತು. 1975ರಲ್ಲಿ ಅದಕ್ಕಾಗಿ ಮಂಡಳಿ ರಚನೆಯಾಯಿತು. ಘೋಷಿತ ವಸತಿಗಳಿಗೆ ನೀರು, ದೀಪ, ಮನೆಗಳು ಒಂದಿಷ್ಟು ದೊರೆತವು. ಆದರೆ ತೆರವು ಮತ್ತು ಸ್ಥಳಾಂತರಗಳು ನಿಲ್ಲಲಿಲ್ಲ. ಈಜಿಪುರದ ದುರ್ಬಲ ವರ್ಗದವರ ವಸತಿ 2013ರ ಜನವರಿಯಲ್ಲಿ, ಅಂದರೆ ಶಾಲಾ ವರ್ಷದ ನಡುವೆಯೇ, ತೆರವಾಗಿ ಸಾವಿರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದುದು ಇದಕ್ಕೆ ಸಾಕ್ಷಿ.

ನಗರದ ಅಂಚಿಗೆ ಒಯ್ದ ಕುಟುಂಬದ ಹುಡುಗಿಗೆ ಶಾಲೆ ದೂರವಾಗುತ್ತದೆ. ಅಪರಿಚಿತ ಬಸ್ಸು, ಅಪರಿಚಿತ ಬೀದಿ, ದಿನವಿಡೀ ಗಾರೆ ಕೆಲಸಕ್ಕೋ ಮನೆಗೆಲಸಕ್ಕೋ ಹೋಗುವ ತಂದೆತಾಯಿ - ಈ ಸ್ಥಿತಿಯಲ್ಲಿ ಮೈನೆರೆದ ಹುಡುಗಿಯನ್ನು ಒಬ್ಬಳೇ ಬಿಡುವ ಭಯ ಮದುವೆಯನ್ನು ಬೇಗ ತರುತ್ತದೆ. ಕರ್ನಾಟಕದಲ್ಲಿ ಏಳನೆಯ ತರಗತಿಯವರೆಗೆ ಪ್ರಾಥಮಿಕ ಶಾಲೆ, ಎಂಟರಿಂದ ಪ್ರೌಢಶಾಲೆ ಎಂಬ ಹಳೆಯ ರಚನೆಯೂ ಇದಕ್ಕೆ ಪೂರಕವಾಗಿದೆ. ಪ್ರಾಥಮಿಕ ಶಾಲೆ ಕೇರಿಯ ಬಳಿಯಿದ್ದರೂ ಪ್ರೌಢಶಾಲೆಗೆ ದೊಡ್ಡ ರಸ್ತೆಯನ್ನು ದಾಟಬೇಕಾಗುತ್ತದೆ. ಆ ದಾಟುವಿಕೆ ಮೈನೆರೆಯುವ ವಯಸ್ಸಿನಲ್ಲೇ ಬರುತ್ತದೆ. 2020ರ ಮಾರ್ಚಿನಿಂದ ಶಾಲೆಗಳು ದೀರ್ಘಕಾಲ ಮುಚ್ಚಿದಾಗ ಬಾಲ್ಯವಿವಾಹಗಳ ಬಗ್ಗೆ ರಾಜ್ಯದಲ್ಲಿ ವ್ಯಾಪಕ ಕಳವಳ ಉಂಟಾದುದನ್ನು ಇಲ್ಲಿ ನೆನೆಯಬಹುದು. ಶಾಲೆ ತೆರೆದಿರುವುದೇ ಮದುವೆಯನ್ನು ಮುಂದೂಡುವ ಕಾರಣವಾಗಿತ್ತೆಂಬುದು ಅದು ಮುಚ್ಚಿದಾಗ ಮನವರಿಕೆಯಾಯಿತು.

6. ಒಂದು ಕೋಣೆಯಲ್ಲಿ ಶಾಸ್ತ್ರಗಳು

ಹಳ್ಳಿಯನ್ನು ಬಿಟ್ಟು ಬಂದವರು ಶಾಸ್ತ್ರಗಳನ್ನು ಬಿಟ್ಟು ಬಂದಿಲ್ಲ. ಹಳೆಯ ಮೈಸೂರಿನ ಭಾಗದಲ್ಲಿ ಹುಡುಗಿ ಮೈನೆರೆದಾಗ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ. ಹುಡುಗಿಯನ್ನು ಅದರಲ್ಲಿ ಕೂರಿಸಿ ಚಿಗಳಿ, ಕೊಬ್ಬರಿ, ತುಪ್ಪ ತಿನ್ನಿಸಿ, ಸಂಜೆ ಮುತ್ತೈದೆಯರು ಆರತಿ ಮಾಡುತ್ತಾರೆ. ಬೆಳೆಯುವ ಮೈಗೆ ಪುಷ್ಟಿ ನೀಡುವ, ಹುಡುಗಿಯನ್ನು ಹೆಂಗಸರ ಬಳಗಕ್ಕೆ ಪ್ರೀತಿಯಿಂದ ಸೇರಿಸಿಕೊಳ್ಳುವ ಒಸಗೆ ಇದು. ನಗರದ ಕೇರಿಯಲ್ಲಿ ಸೊಪ್ಪಿನ ಗುಡ್ಲಿನ ಜಾಗಕ್ಕೆ ಶಾಮಿಯಾನ ಬಂದಿದೆ, ಹುಡುಗಿಯ ಭಾವಚಿತ್ರದ ಫ್ಲೆಕ್ಸ್ ಬಂದಿದೆ. ಆಚರಣೆಯ ವೈಭವ ಹೆಚ್ಚಿದಂತೆ ಅದರ ಸಾರುವಿಕೆಯ ಅರ್ಥವೂ ಹೆಚ್ಚಿದೆ. ಹುಡುಗಿ ಮದುವೆಗೆ ಬಂದಿದ್ದಾಳೆಂಬುದು ಇಡೀ ಬೀದಿಗೆ ತಿಳಿಯುತ್ತದೆ. ಅದಾದ ಮೇಲೆ ನೋಡುವ ಕಣ್ಣುಗಳಿಗೂ ಆಡುವ ಮಾತುಗಳಿಗೂ ತಂದೆತಾಯಿ ಅಂಜತೊಡಗುತ್ತಾರೆ. ಹಿಂದೆ ಮದುವೆಗೂ ಗಂಡನ ಮನೆಗೂ ನಡುವೆ ಇದ್ದ ಅಂತರವೂ ಈಗಿಲ್ಲ. ಮದುವೆ, ಗಂಡನ ಮನೆ, ಮೊದಲ ಬಸುರು ಬಹುಬೇಗ ಒಂದರ ಹಿಂದೊಂದು ಬಂದುಬಿಡುತ್ತವೆ.

ಬಾಣಂತನದ ವ್ಯವಸ್ಥೆಯೂ ಹೀಗೆಯೇ ಮಾರ್ಪಟ್ಟಿದೆ. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ರೂಢಿ. ಮಡಿಲು ತುಂಬಿ ಕರೆತಂದ ಮಗಳಿಗೆ ತಾಯಿ, ಅಜ್ಜಿ, ಅತ್ತಿಗೆಯರು ಎಣ್ಣೆನೀರು, ಸಾಂಬ್ರಾಣಿ ಹೊಗೆ, ಕೆಂಡದ ಶಾಖ, ಪಥ್ಯದ ಊಟಗಳಿಂದ ಮೂರು ಅಥವಾ ಐದು ತಿಂಗಳ ಆರೈಕೆ ಮಾಡುತ್ತಿದ್ದರು. ಇದು ವಾಸ್ತವವಾಗಿ ಹೆಣ್ಣಿಗೆ ದೊರೆಯುತ್ತಿದ್ದ ದೀರ್ಘ ವಿಶ್ರಾಂತಿಯ ಕಾಲ. ಕೂಸನ್ನು ಹಲವು ಕೈಗಳು ಎತ್ತಿಕೊಳ್ಳುತ್ತಿದ್ದ ಕಾಲ. ನಗರದ ಒಂದು ಕೋಣೆಯ ಮನೆಯಲ್ಲಿ ತವರು ಇದೆ, ಆದರೆ ಆ ಕೈಗಳಿಲ್ಲ. ತಾಯಿಗೆ ಬೆಳಗಿನ ಮನೆಗೆಲಸ ತಪ್ಪಿಸುವಂತಿಲ್ಲ, ಅಜ್ಜಿ ಊರಿನಲ್ಲಿದ್ದಾಳೆ. ಬಾಣಂತಿ ಎದ್ದು ತಾನೇ ನೀರು ಹಿಡಿಯುತ್ತಾಳೆ. ಬಾವಿಯ ಸ್ಥಾನವನ್ನು ಬೀದಿಯ ನಲ್ಲಿ ಪಡೆದಿದೆ. ಅರಿಸಿನ ಕುಂಕುಮ ಇಟ್ಟು ಬಿಂದಿಗೆ ತುಂಬಿ ತರುವ ಶಾಸ್ತ್ರ ಅಲ್ಲಲ್ಲಿ ಉಳಿದಿದೆ. ಆದರೆ ಅದಕ್ಕೆ ಮುಂಚೆಯೇ ದುಡಿಮೆ ಆರಂಭವಾಗಿರುತ್ತದೆ.

ಹುಡುಗಿಯ ಕಲಿಕೆಗೆ ಅಡ್ಡಿಯಾಗಿರುವುದು ಸಂಪ್ರದಾಯವೇ ಎಂಬ ಸಾಮಾನ್ಯ ತೀರ್ಮಾನವನ್ನು ಈ ಹಿನ್ನೆಲೆಯಲ್ಲಿ ಮರುಪರಿಶೀಲಿಸಬೇಕಾಗಿದೆ. ಮೈನೆರೆದ ಹುಡುಗಿಯನ್ನು ಮದುವೆಯ ದೃಷ್ಟಿಯಿಂದಲೇ ನೋಡುವ ರೂಢಿ ಅಡ್ಡಿಯೆಂಬುದು ನಿಜ. ಆದರೆ ಕೂಸಿನ ಹೊಣೆಯನ್ನು ಹಂಚಿಕೊಳ್ಳುತ್ತಿದ್ದ ರೂಢಿ ಶಿಥಿಲವಾದುದೂ ಅಷ್ಟೇ ದೊಡ್ಡ ಅಡ್ಡಿ. ಸಂಪ್ರದಾಯದಲ್ಲಿ ಬಂಧನವಾಗಿದ್ದುದು ಉಳಿಯಿತು, ಆಸರೆಯಾಗಿದ್ದುದು ಹೋಯಿತು.

7. ಕೂಸಿಗೆ ಎಡೆ ಎಲ್ಲಿ?

ಎಳೆಯ ತಾಯಿ ಶಾಲೆಗೆ ಹೋಗಬೇಕಾದರೆ ಮೊದಲು ಉತ್ತರಿಸಬೇಕಾದ ಪ್ರಶ್ನೆ ಕೂಸನ್ನು ಎಲ್ಲಿ ಬಿಡಬೇಕೆಂಬುದು. 1975ರಲ್ಲಿ ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದ ತಿರುಮಕೂಡಲು ನರಸೀಪುರವೂ ಅವುಗಳಲ್ಲಿ ಒಂದಾಗಿತ್ತು. ಆದರೆ ಅಂಗನವಾಡಿ ದಿನದ ಹೊತ್ತು ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದ ಮಕ್ಕಳನ್ನು. ಹಾಲು ಕುಡಿಯುವ ಕೂಸಿಗೆ ಅಲ್ಲಿ ಪೌಷ್ಟಿಕ ಆಹಾರವುಂಟು, ಎಡೆಯಿಲ್ಲ. ಕರ್ನಾಟಕ ಸರ್ಕಾರ 2023ರಲ್ಲಿ ಘೋಷಿಸಿದ ಕೂಸಿನ ಮನೆ ಯೋಜನೆ ಈ ಕೊರತೆಯನ್ನು ಸರಿಯಾಗಿ ಗುರುತಿಸಿದೆ. ಆದರೆ ಅದು ಗ್ರಾಮ ಪಂಚಾಯಿತಿಗಳ ವ್ಯಾಪ್ತಿಯದು, ನಗರದ ಕೇರಿಗಳಿಗೆ ಸಲ್ಲುವಂಥದಲ್ಲ.

ಇದಕ್ಕೆ ಪ್ರತಿಯಾಗಿ 1948ರ ಕಾರ್ಖಾನೆಗಳ ಕಾಯಿದೆಯನ್ನು ನೋಡಬಹುದು. ನಿರ್ದಿಷ್ಟ ಸಂಖ್ಯೆಗಿಂತ ಹೆಚ್ಚು ಮಹಿಳೆಯರು ದುಡಿಯುವ ಕಾರ್ಖಾನೆಗಳಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು ಅದರ 48ನೆಯ ಕಲಮು ವಿಧಿಸಿತು. 1976ರ ತಿದ್ದುಪಡಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿತು. ಪೀಣ್ಯ, ಮೈಸೂರು ರಸ್ತೆ, ಬೊಮ್ಮನಹಳ್ಳಿಗಳ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಸಾವಿರಾರು ತಾಯಂದಿರು ದುಡಿಯುತ್ತಿದ್ದಾರೆ. ಅಲ್ಲಿನ ಕೊಠಡಿಗಳು ಹೇಗಿವೆಯೆಂಬುದು ಬೇರೆ ಮಾತು. ಕಾನೂನಿನ ದೃಷ್ಟಿಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ತಾಯಿಯ ಕೂಸಿಗೆ ತೊಟ್ಟಿಲು ಉಂಟು, ಪುಸ್ತಕದ ಮುಂದೆ ಕೂರುವ ತಾಯಿಯ ಕೂಸಿಗೆ ಇಲ್ಲ. ಹದಿನೆಂಟು ತುಂಬಿದೊಡನೆ ಹುಡುಗಿ ಪ್ರೌಢಶಾಲೆಯ ದಾರಿಯನ್ನು ಬಿಟ್ಟು ಉಡುಪು ಕಾರ್ಖಾನೆಯ ದಾರಿ ಹಿಡಿಯುವುದಕ್ಕೆ ಕೂಲಿಯಷ್ಟೇ ಅಲ್ಲ, ಈ ವ್ಯತ್ಯಾಸವೂ ಕಾರಣವಾಗಿರಬಹುದು.

ಕಲ್ಯಾಣ ಯೋಜನೆಗಳಲ್ಲೂ ಇದೇ ಧೋರಣೆ ಕಾಣುತ್ತದೆ. 2005ರ ಜನನಿ ಸುರಕ್ಷಾ ಯೋಜನೆಯು ಕರ್ನಾಟಕದಂತಹ ರಾಜ್ಯಗಳಲ್ಲಿ ಹತ್ತೊಂಬತ್ತು ವರ್ಷ ತುಂಬಿದ ತಾಯಂದಿರಿಗೆ ಮಾತ್ರ ನೆರವನ್ನು ಸೀಮಿತಗೊಳಿಸಿತ್ತು. ಬಾಲ್ಯವಿವಾಹವನ್ನು ಪ್ರೋತ್ಸಾಹಿಸಬಾರದೆಂಬುದು ಉದ್ದೇಶ. ಪರಿಣಾಮವಾಗಿ, ನೆರವು ಹೆಚ್ಚು ಅಗತ್ಯವಿದ್ದ ಹದಿನಾರರ ತಾಯಿಯೇ ಹೊರಗುಳಿದಳು. ಉಳಿಯಲೊಲ್ಲದವಳು ವಯಸ್ಸನ್ನು ಹೆಚ್ಚಾಗಿ ಹೇಳಬೇಕಾಯಿತು. ಈ ವಯೋಮಿತಿ 2013ರಲ್ಲಿ ರದ್ದಾಯಿತು. ರಾಜ್ಯದ ಭಾಗ್ಯಲಕ್ಷ್ಮಿ ಯೋಜನೆ (2006-07) ಹದಿನೆಂಟರವರೆಗೆ ಮದುವೆಯಾಗದ ಹುಡುಗಿಗೆ ಹಣವನ್ನು ಮೀಸಲಿಟ್ಟಿತು. ಮದುವೆಯನ್ನು ತಡೆಯುವ ದೃಷ್ಟಿಯಿಂದ ಇದು ಯುಕ್ತವೇ. ಆದರೆ ತಡೆ ಸೋತ ಮೇಲೆ ಹುಡುಗಿಯನ್ನು ಕಲಿಕೆಗೆ ಕರೆತರಲು ಅದರಲ್ಲಿ ಅವಕಾಶವಿರಲಿಲ್ಲ.

8. ಹಿಂದಿರುಗುವ ದಾರಿಗಳು

ಎಳೆಯ ತಾಯಿಯ ಮುಂದೆ ಇರುವ ದಾರಿಗಳನ್ನು ಪರಿಶೀಲಿಸಿದರೆ ಅವು ಬಹುಪಾಲು ಶಾಲೆಯನ್ನು ಬಳಸಿಕೊಂಡು ಹೋಗುವ ದಾರಿಗಳಲ್ಲ, ಶಾಲೆಯನ್ನು ಬದಿಗಿಟ್ಟು ಹೋಗುವ ದಾರಿಗಳು. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ 6ರಿಂದ 14 ವಯಸ್ಸಿನವರಿಗೆ, ಎಂಟನೆಯ ತರಗತಿಯವರೆಗೆ ಸಂಬಂಧಿಸಿದ್ದು. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ ವಿಶೇಷ ತರಬೇತಿ ನೀಡಬೇಕೆಂಬ ಅದರ ನಾಲ್ಕನೆಯ ಕಲಮು ಮೌಲಿಕವಾದುದು. ಆದರೆ ಬಹುಪಾಲು ಎಳೆಯ ತಾಯಂದಿರು ಶಾಲೆ ಬಿಡುವುದು ಅದರ ವ್ಯಾಪ್ತಿ ಮುಗಿದ ಮೇಲೆ, ಒಂಬತ್ತು ಹತ್ತನೆಯ ತರಗತಿಗಳಲ್ಲಿ. ಹತ್ತನೆಯ ತರಗತಿಯ ಪರೀಕ್ಷೆಗೆ ಶೇಕಡ 75ರ ಹಾಜರಾತಿ ಬೇಕು. ಹೆರಿಗೆ ಮತ್ತು ಬಾಣಂತನದಲ್ಲಿ ಆ ಹಾಜರಾತಿ ಅಸಾಧ್ಯ. ಹಾಗಾಗಿ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆಗೆ ಕಟ್ಟುವುದೋ, 1989ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಮುಕ್ತ ಶಾಲೆಯನ್ನು ಆಶ್ರಯಿಸುವುದೋ ಉಳಿಯುತ್ತದೆ. ಇವು ಉಪಯುಕ್ತವಾದರೂ ಪರೀಕ್ಷೆಯನ್ನು ಕೊಡುತ್ತವೆ, ಪಾಠವನ್ನು ಕೊಡುವುದು ಕಡಿಮೆ. ಓದಲು ಮೂಲೆಯಿಲ್ಲದ ಮನೆಯಲ್ಲಿ, ಕೇಳಲು ಉಪಾಧ್ಯಾಯರಿಲ್ಲದೆ ಗಣಿತವನ್ನೂ ಇಂಗ್ಲಿಷನ್ನೂ ತಾನೇ ಕಲಿಯಬೇಕಾದ ಹುಡುಗಿಗೆ ಈ ದಾರಿ ಕಾಣುವಷ್ಟು ಸುಗಮವಲ್ಲ. 1988-89ರಲ್ಲಿ ಕರ್ನಾಟಕವೂ ಸೇರಿ ಮೂರು ರಾಜ್ಯಗಳಲ್ಲಿ ಆರಂಭವಾದ ಮಹಿಳಾ ಸಮಖ್ಯಾ ಕಾರ್ಯಕ್ರಮವು ತನ್ನ ಶಿಕ್ಷಣ ಕೇಂದ್ರಗಳ ಮೂಲಕ ಶಾಲೆ ಬಿಟ್ಟ ಹುಡುಗಿಯರನ್ನು ಒಟ್ಟಿಗೆ ಕೂರಿಸಿ ಕಲಿಸಿದ ಪ್ರಯೋಗ ಮಹತ್ವದ್ದಾಗಿತ್ತು. ಅದರ ಮುಖ್ಯ ಕ್ಷೇತ್ರ ಗ್ರಾಮಾಂತರ ಪ್ರದೇಶವಾಗಿತ್ತು.

ಉನ್ನತ ಶಿಕ್ಷಣದೊಡನೆ ಹೋಲಿಸಿದಾಗ ಈ ಅಸಮತೆ ಇನ್ನಷ್ಟು ಸ್ಪಷ್ಟವಾಗುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2016ರ ನಿಯಮಗಳು ಸಂಶೋಧನ ವಿದ್ಯಾರ್ಥಿನಿಗೆ 240 ದಿನಗಳ ಹೆರಿಗೆ ರಜೆಯನ್ನು ಒದಗಿಸಿದವು. ಕೇರಳದ ಮಹಾತ್ಮ ಗಾಂಧಿ ವಿಶ್ವವಿದ್ಯಾಲಯ 2022ರಲ್ಲಿ ಹದಿನೆಂಟು ತುಂಬಿದ ವಿದ್ಯಾರ್ಥಿನಿಯರಿಗೆ 60 ದಿನಗಳ ಹೆರಿಗೆ ರಜೆ ನೀಡಲು ತೀರ್ಮಾನಿಸಿತು. ವಿದ್ಯೆಯ ಮೇಲಿನ ಮೆಟ್ಟಿಲಲ್ಲಿ ತಾಯ್ತನಕ್ಕೆ ಮಾನ್ಯತೆ ದೊರೆತಿದೆ. ಕೆಳಗಿನ ಮೆಟ್ಟಿಲಲ್ಲಿ ಆ ಮಾತೇ ಇಲ್ಲ.

ಹೊರದೇಶಗಳ ಚರಿತ್ರೆಯೂ ಬೋಧಪ್ರದವಾಗಿದೆ. ಅಮೆರಿಕದಲ್ಲಿ 1972ರ ಶಿಕ್ಷಣ ತಿದ್ದುಪಡಿಗಳ ಒಂಬತ್ತನೆಯ ಭಾಗದ ಪರಿಣಾಮವಾಗಿ ಸರ್ಕಾರಿ ನೆರವು ಪಡೆಯುವ ಶಾಲೆಗಳು ಗರ್ಭಿಣಿಯೆಂಬ ಕಾರಣಕ್ಕೆ ವಿದ್ಯಾರ್ಥಿನಿಯನ್ನು ಹೊರಹಾಕುವಂತಿಲ್ಲ. ಕೀನ್ಯಾ 1994ರಲ್ಲಿ, ಜಾಂಬಿಯಾ 1997ರಲ್ಲಿ ಎಳೆಯ ತಾಯಂದಿರ ಮರುಪ್ರವೇಶದ ನೀತಿಗಳನ್ನು ಪ್ರಕಟಿಸಿದವು. ಸಿಯೆರಾ ಲಿಯೋನ್ 2015ರಲ್ಲಿ ಗರ್ಭಿಣಿಯರಿಗೆ ಶಾಲೆಯನ್ನು ನಿಷೇಧಿಸಿತ್ತು. ಪಶ್ಚಿಮ ಆಫ್ರಿಕ ರಾಷ್ಟ್ರಗಳ ಸಮುದಾಯದ ನ್ಯಾಯಾಲಯ 2019ರ ಡಿಸೆಂಬರಿನಲ್ಲಿ ಅದನ್ನು ತಾರತಮ್ಯವೆಂದು ತೀರ್ಪಿತ್ತ ಮೇಲೆ 2020ರ ಮಾರ್ಚಿನಲ್ಲಿ ಆ ನಿಷೇಧ ತೆರವಾಯಿತು. ಟಾಂಜಾನಿಯಾ 2021ರ ನವೆಂಬರಿನಲ್ಲಿ ತನ್ನ ನಿಷೇಧವನ್ನು ಕೈಬಿಟ್ಟಿತು. ನೀತಿ ಬಂದ ಮಾತ್ರಕ್ಕೆ ಹುಡುಗಿಯರೆಲ್ಲ ಮರಳುವುದಿಲ್ಲವೆಂಬುದೂ ಈ ದೇಶಗಳ ಅನುಭವವೇ. ಆದರೂ ಅಲ್ಲಿ ವಾದಿಸುವುದಕ್ಕೆ ಒಂದು ನಿಷೇಧವಾಗಲಿ ಒಂದು ನೀತಿಯಾಗಲಿ ಎದುರಿಗಿತ್ತು. ಇಲ್ಲಿ ಯಾವ ಕಾನೂನೂ ಎಳೆಯ ತಾಯಿಗೆ ಶಾಲೆಯನ್ನು ನಿಷೇಧಿಸಿಲ್ಲ. ಆಕೆಯನ್ನು ಕರೆಯುವ ನಿಯಮವೂ ಇಲ್ಲ. ಯಾರೂ ಹೊರಹಾಕದೆಯೇ ಆಕೆ ಹೊರಗಿದ್ದಾಳೆ.

9. ಉಪಸಂಹಾರ

ಮೇಲಿನ ಅವಲೋಕನದಿಂದ ಮೂರು ಸಂಗತಿಗಳು ಹೊರಪಡುತ್ತವೆ. ಮೊದಲನೆಯದಾಗಿ, ಸ್ತ್ರೀಶಿಕ್ಷಣವು ಆರಂಭದಿಂದಲೂ ತಾಯ್ತನವನ್ನು ಶಾಲೆಯ ಹೊರಗಿನ ವಿಷಯವೆಂದು ಪರಿಗಣಿಸಿತು. ವಿವಾಹಿತೆಗೂ ವಿಧವೆಗೂ ದೊರೆತ ಎಡೆ ತಾಯಿಗೆ ದೊರೆಯಲಿಲ್ಲ. ಎರಡನೆಯದಾಗಿ, ವಿವಾಹದ ವಯಸ್ಸನ್ನು ಏರಿಸಿದ ಕಾನೂನುಗಳು ಬಾಲ್ಯವಿವಾಹವನ್ನು ತಗ್ಗಿಸಿದ ಜೊತೆಗೆ, ಉಳಿದ ಹುಡುಗಿಯರನ್ನು ಶಾಲೆಯ ದಾಖಲೆಗಳಿಂದ ದೂರ ಸರಿಸಿದವು. ಮೂರನೆಯದಾಗಿ, ನಗರದ ಬಡ ವಸತಿಗಳಲ್ಲಿ ಬಾಣಂತನದ ಸಾಮೂಹಿಕ ಆಸರೆ ಕುಗ್ಗಿ, ಅದರ ಜಾಗಕ್ಕೆ ಸಾರ್ವಜನಿಕ ಆಸರೆ ಬರಲಿಲ್ಲ.

ಬಾಲ್ಯವಿವಾಹವನ್ನು ತಡೆಯುವುದಕ್ಕೂ ಎಳೆಯ ತಾಯಿಗೆ ಶಾಲೆಯನ್ನು ತೆರೆಯುವುದಕ್ಕೂ ವಿರೋಧವಿದೆಯೆಂದು ಭಾವಿಸುವ ಕಾರಣವಿಲ್ಲ. ಶಾಲೆಗೆ ಮರಳಿದ ತಾಯಿ ತನ್ನ ಮಗಳನ್ನು ಹದಿನೈದಕ್ಕೆ ಮದುವೆ ಮಾಡುವ ಸಂಭವ ಕಡಿಮೆ. ಹೆರಿಗೆಯ ಕಾಲದ ಗೈರುಹಾಜರಿಗೆ ಮಾನ್ಯತೆ, ಕೇರಿಯ ಪ್ರೌಢಶಾಲೆಯ ಬಳಿ ಹಾಲುಗೂಸುಗಳಿಗೆ ಒಂದು ಕೊಠಡಿ, ಮರುದಾಖಲಾತಿಗೆ ಬಂದ ಹುಡುಗಿಯ ಕಾಗದಗಳನ್ನು ಆಕೆಯ ವಿರುದ್ಧದ ಸಾಕ್ಷಿಯಾಗಿ ಅಲ್ಲದೆ ಆಕೆಯ ಹಕ್ಕಿನ ಆಧಾರವಾಗಿ ನೋಡುವ ನಿಯಮ - ಇವು ಅಸಾಧ್ಯವಾದ ಬೇಡಿಕೆಗಳಲ್ಲ. ತಮ್ಮ ಕಾಲದ ಕುಟುಂಬ ಜೀವನದ ಕ್ರಮವನ್ನು ಅರಿತು 1881ರ ಶಾಲೆಯನ್ನು ಕಟ್ಟಿದವರು ತೋರಿದಷ್ಟೇ ವ್ಯವಹಾರಜ್ಞಾನವನ್ನು ಇವು ಬೇಡುತ್ತವೆ.

ಬಾಣಂತಿಯನ್ನು ಬಾವಿಯ ಬಳಿಗೆ ಕರೆದೊಯ್ದು, ತುಂಬಿದ ಬಿಂದಿಗೆಯೊಡನೆ ಮನೆಗೆ ಕರೆತರುವ ಹೆಂಗಸರು ಆಕೆಯನ್ನು ಮತ್ತೆ ತಮ್ಮ ನಡುವೆ ಸೇರಿಸಿಕೊಳ್ಳುತ್ತಾರೆ. ಹೋದವಳು ಮರಳಿ ಬರುವಳೆಂಬ ನಿರೀಕ್ಷೆ ಆ ಆಚರಣೆಯಲ್ಲಿದೆ. ಅಂತಹ ನಿರೀಕ್ಷೆಯನ್ನು ಶಾಲೆಯೂ ತನ್ನ ನಿಯಮಾವಳಿಯಲ್ಲಿ ಬರೆದುಕೊಳ್ಳುವವರೆಗೆ ಕೇರಿಯ ಎಳೆಯ ತಾಯಿಯ ಹೆಸರು ಹಾಜರಿ ಪುಸ್ತಕದ ಹಳೆಯ ಪುಟದಲ್ಲೇ ಉಳಿದಿರುತ್ತದೆ.